ಅರಸನ ಸಾಲಕ್ಕೆ ಮೂರು ಬೀಗ

“ಸೆಟ್ಟರು ಒಡ್ಡಿದ ಮೂರು ಒಗಟು ಬಿಡಿಸಿದವನಿಗೆ ಸುಂಕದ ಕಟ್ಟೆಯ ಅಧಿಕಾರ. ತಪ್ಪಿದವನಿಗೆ ತಲೆದಂಡ!” ಮುತ್ತಗುಂದದ ಅರಸ ಕೇಸರಿರಾಯ ಹೀಗೆಂದು ಡಂಗುರ ಹೊಡೆಸಿದ. ಶತ್ರು ಗಡಿಯಲ್ಲಿದ್ದ, ಬೊಕ್ಕಸ ಬರಿದಾಗಿತ್ತು. ಸಾಲ ಕೇಳಿದರೆ ವರ್ತಕರ ಹಿರಿಯ ಚೌಡಿಸೆಟ್ಟಿ, “ಒಗಟು ಬಿಡಿಸಿದವನ ಕೈಗೇ ನಮ್ಮ ಹಣ” ಎಂದು ಪಟ್ಟು ಹಿಡಿದಿದ್ದ. ತಲೆದಂಡ ಸೇರಿಸಿದ್ದು ಅರಸನ ಸಿಟ್ಟು.

ಸಭೆ ಕೂಡಿತು. ಸೆಟ್ಟಿ ಕೇಳಿದ: “ಎಲೆ ಮಾರುವ ಮಲ್ಲವ್ವನಿಗೆ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ. ಅರಸರಿಗೆ ಮೂರು. ಅವಳಲ್ಲಿದ್ದು ಅರಸರಲ್ಲಿ ಇಲ್ಲದ್ದೇನು?”

ಮಂತ್ರಿಯ ಮಗ “ಬಡತನ” ಎಂದ. ಭಟರು ಸೆರೆಮನೆಗೆ ಎಳೆದೊಯ್ದರು. ಆಸ್ಥಾನ ಪಂಡಿತರು “ಪುಣ್ಯ” ಎಂದರು. ಅವರನ್ನೂ ಎಳೆದೊಯ್ದರು.

ಮೂಟೆ ಹೊರುವ ಬೊಮ್ಮ ಮುಂದೆ ಬಂದ.

“ನಿನಗೆ ಕುತ್ತಿಗೆ ಭಾರವಾಯಿತೇನೋ?” ಅರಸ ನಕ್ಕ.

“ಶತ್ರು ನುಗ್ಗಿ ವರ್ತಕರು ಊರು ಬಿಟ್ಟರೆ ಹೊರೋಕೆ ಮೂಟೆ ಇರಲ್ಲ ಬುದ್ದಿ. ಹೆಂಗೂ ಸಾಯೋದೇ. ಅವಳಲ್ಲಿರೋದು ಹೊಸ್ತಿಲು. ದುಡ್ಡು ವಾಪಸ್ ಕೊಡದಿದ್ರೆ ಸಾಲ ಕೊಟ್ಟೋನು ಅಲ್ಲಿ ಉಪವಾಸ ಕೂರ್ತಾನೆ. ಅವನು ಏಳೋತನಕ ಅವಳೂ ಉಣ್ಣಂಗಿಲ್ಲ. ಅರಮನೆ ಬಾಗಿಲಲ್ಲಿ ಕೂತ್ರೆ ಭಟರು ಎತ್ತಿ ಒಗೀತಾರೆ.”

ಅರಸನ ಮುಖ ಕಪ್ಪಾಯಿತು. ಸೆಟ್ಟಿ ಎರಡನೆಯದನ್ನು ಎತ್ತಿದ: “ಅರಸರ ಜೊತೆ ಚಿತೆ ಏರುವುದೇನು?”

“ಅವರ ಮಾತು. ನಿಮ್ಮ ತಂದೆ ದೊಡ್ಡರಾಯರು ತೀರಿಕೊಂಡ ದಿನ ಅವರ ಸಾಲಪತ್ರಗಳೂ ಸುಟ್ಟುಹೋದವು. ಪತ್ರಕ್ಕೆ ಪಟ್ಟಣದ ಮುದ್ರೆ ಬೀಳಲಿ. ಪಟ್ಟಣ ಸಾಯಲ್ಲ.”

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು.

“ಕೊನೆಯದು,” ಎಂದ ಸೆಟ್ಟಿ, “ಅರಸರು ಬಿಟ್ಟುಕೊಟ್ಟರೆ ಮಾತ್ರ ಅವರ ಬೊಕ್ಕಸ ತುಂಬಿಸುವುದು ಯಾವುದು?”

ಬೊಮ್ಮ ಅರಸನ ಸೊಂಟದತ್ತ ಬೆರಳು ಮಾಡಿದ. “ಸುಂಕದ ಕಟ್ಟೆಯ ಬೀಗದ ಕೈ. ಅದು ಸಾಲ ಕೊಟ್ಟವರ ಹತ್ತಿರ ಇರಲಿ. ಮೊದಲು ಅವರ ಬಡ್ಡಿ, ಮಿಕ್ಕಿದ್ದು ಅರಮನೆಗೆ.”

“ನನ್ನ ಕೈಯನ್ನೇ ಕಟ್ಟುತ್ತೀಯಾ!” ಕತ್ತಿ ಅರ್ಧ ಹೊರಬಂತು.

“ಕಟ್ಟಿದ ಕೈಗೇ ಬುದ್ದಿ, ಸಾಲ ಸಿಗೋದು.”

“ಮೂರೂ ಸರಿ,” ಎಂದ ಸೆಟ್ಟಿ, “ಹಣದ ಚೀಲಗಳು ಹೊರಗೆ ಗಾಡಿಯಲ್ಲಿವೆ. ಇವನ ತಲೆ ಉರುಳಿದರೆ ಗಾಡಿಯೂ ಹೊರಡುತ್ತದೆ.”

ಅರಸ ಕತ್ತಿಯನ್ನು ಒರೆಗೆ ತಳ್ಳಿದ. ಕೊನೆಗೆ ಸೊಂಟದ ಬೀಗದ ಕೈ ಬಿಚ್ಚಿ ನೆಲಕ್ಕೆಸೆದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ. ಸಾಲ ಕೊಟ್ಟವರ ಪರವಾಗಿ ಬೊಮ್ಮ ಬೀಗದ ಕೈ ಹಿಡಿದು ಕಟ್ಟೆಯ ಅಧಿಕಾರಿಯಾದ. ಸೈನ್ಯಕ್ಕೆ ಸಂಬಳ ಸಿಕ್ಕಿತು, ಶತ್ರು ಹಿಂತಿರುಗಿದ.

ಮರುತಿಂಗಳು ಅರಸನೇ ಕಟ್ಟೆಗೆ ಬಂದ. “ಇನ್ನೂರು ಹೊನ್ನು ಕೊಡೋ.”

“ಬಡ್ಡಿ ಕಳೆದು ಮಿಕ್ಕಿದ್ದು ನೂರಿಪ್ಪತ್ತು ಬುದ್ದಿ.”

ಭಟರು ಕತ್ತಿ ಹಿರಿದರು. ಅರಸ ಬೇಡವೆಂದು ಕೈ ಎತ್ತಿದ, ನೂರಿಪ್ಪತ್ತನ್ನೇ ಎಣಿಸಿಕೊಂಡು ನಡೆದ.

ಅಂದು ಸಂಜೆ ಪೇಟೆಯಲ್ಲಿ ಅರಸನ ಸಾಲದ ಬಡ್ಡಿ ಒಂದಕ್ಕೆ ಇಳಿಯಿತು.