ಎಡಗಡೆಯ ಪೆಡಲು

“ಗುರುಗಳೇ, ತೀರಿಹೋದವರನ್ನು ಮರೆಯುವ ಬಗೆ ಯಾವುದು?” ಎಂದು ಶಿಷ್ಯ ಕೇಳಿದ.

ಅವನ ತಾಯಿ ಗತಿಸಿ ಎಂಟು ತಿಂಗಳಾಗಿತ್ತು. ಆಕೆಯ ನೆನಪು ಬಂದಾಗಲೆಲ್ಲ ಅವನು ಎದ್ದು ಅಂಗಳ ಗುಡಿಸುತ್ತಿದ್ದ, ನೀರು ಸೇದುತ್ತಿದ್ದ, ಜಪಮಾಲೆ ಹಿಡಿಯುತ್ತಿದ್ದ. ಅದರಿಂದ ಏನೂ ಆಗಿರಲಿಲ್ಲ. ಇನ್ನೂ ಕಠಿಣವಾದ ವ್ರತವೊಂದನ್ನು ಗುರುಗಳು ವಿಧಿಸಿಯಾರೆಂದು ಅವನು ಕಾದು ಕುಳಿತ.

ಗುರುಗಳು ವ್ರತ ವಿಧಿಸಲಿಲ್ಲ. ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಅಧ್ಯಾಪಕನಿದ್ದ. ಅವನಿಗೂ ಅವನ ಹೆಂಡತಿಗೂ ಸೈಕಲ್ ಪ್ರವಾಸದ ಹುಚ್ಚು. ಬಿಡಿಬಿಡಿಯಾಗಿ ಬಿಚ್ಚಿ, ಪೆಟ್ಟಿಗೆಯಲ್ಲಿ ಜೋಡಿಸಿ, ವಿಮಾನದಲ್ಲಿ ಒಯ್ಯಬಹುದಾದ ಎರಡು ಸೈಕಲ್‌ಗಳು ಅವರಲ್ಲಿದ್ದವು. ಪ್ರತಿ ಬೇಸಿಗೆಯ ರಜೆಯಲ್ಲೂ ಇಬ್ಬರೂ ಒಂದೊಂದೇ ಸೈಕಲನ್ನು ನಡುಮನೆಯಲ್ಲಿ ನಿಲ್ಲಿಸಿ, ಅದರ ಎರಡು ಬದಿಗಳಲ್ಲಿ ಎದುರುಬದುರಾಗಿ ಕೂರುತ್ತಿದ್ದರು. ಬಲಗಡೆಯ ಕೆಲಸ ಅವನದು, ಎಡಗಡೆಯದು ಅವಳದು. ಚಕ್ರ ಕಳಚುವರು, ಗಾಳಿ ಇಳಿಸುವರು, ಪೆಡಲು ಬಿಚ್ಚುವರು, ಚೌಕಟ್ಟನ್ನು ಎರಡು ಮಾಡುವರು. ಒಂದೊಂದು ಭಾಗಕ್ಕೂ ಅವಳ ಹಳೆಯ ಸೀರೆಯ ತುಂಡು ಸುತ್ತಿ ಪೆಟ್ಟಿಗೆಗೆ ಇಳಿಸುವರು.

ಅವನ ಕೈ ಚುರುಕು. ತನ್ನ ಪಾಲು ಮುಗಿಸಿ “ಇನ್ನೂ ಆಗಲಿಲ್ಲವೇ?” ಎಂದು ಕೇಳುತ್ತಿದ್ದ.

“ತಾಳಿ, ನನ್ನ ಕಡೆಯದು ಉಲ್ಟಾ” ಎನ್ನುತ್ತಿದ್ದಳು ಅವಳು.

“ನಿನ್ನ ಕಡೆಯವರೆಲ್ಲ ಉಲ್ಟಾನೇ. ನಿಮ್ಮಣ್ಣನನ್ನು ನೋಡಿಲ್ಲವೇ ನಾನು?” ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಇಪ್ಪತ್ತು ವರ್ಷ ಈ ಮಾತು ಹೀಗೆಯೇ ನಡೆಯಿತು.

ಒಂದು ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಬೆಟ್ಟಗಳ ನಡುವಿನ ಒಂದು ಸರೋವರವನ್ನು ಕಾಣುವ ಆಸೆ ಅವಳಿಗೆ ಉಳಿದಿತ್ತು. “ಒಬ್ಬರೇ ಆದರೂ ಹೋಗಿ ಬನ್ನಿ. ಸೈಕಲ್ ತುಳಿದುಕೊಂಡೇ ಹೋಗಿ” ಎಂದಳು. ಅವನು ಮಾತು ಕೊಟ್ಟ. ತಿಂಗಳು ತುಂಬುವ ಮೊದಲೇ ಅವಳು ತೀರಿಕೊಂಡಳು.

ಅಧ್ಯಾಪಕ ಧೈರ್ಯಸ್ಥನೆಂದು ಹೆಸರಾದ. ಅವಳ ಚಿತ್ರವನ್ನು ಕಪಾಟಿನೊಳಗಿಟ್ಟ. ಅವಳ ಸೈಕಲನ್ನು ಬೇರೊಬ್ಬರಿಗೆ ಕೊಟ್ಟ. ಯಾರಾದರೂ ಅವಳ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಕೊಟ್ಟ ಮಾತೊಂದು ಮಾತ್ರ ಉಳಿಯಿತು. ಬೇಸಿಗೆ ಬಂದಾಗ ಅವನು ಟಿಕೆಟ್ ತೆಗೆಸಿದ.

ಹೊರಡುವ ದಿನ ಬೆಳಿಗ್ಗೆ ಒಬ್ಬನೇ ಕುಳಿತು ಸೈಕಲ್ ಬಿಚ್ಚಿದ. ಬಲಗಡೆಯ ಪೆಡಲು ಎಂದಿನಂತೆ ಬಂತು. ಎಡಗಡೆಗೆ ಸರಿದು ಅದನ್ನೂ ಹಾಗೆಯೇ ತಿರುಗಿಸಿದ. ಅದು ಕದಲಲಿಲ್ಲ. ಎಣ್ಣೆ ಬಿಟ್ಟ. ಸ್ಪ್ಯಾನರಿನ ಮೇಲೆ ನಿಂತು ಒತ್ತಿದ. ಅಂಗೈ ಸುಲಿಯಿತು. ಆ ಒಂದು ಪೆಡಲಿನಿಂದಾಗಿ ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ. ವಿಮಾನ ಆ ಸಂಜೆಯದು.

ಕೊನೆಗೆ ಚೌಕಟ್ಟನ್ನು ಹೆಗಲಿಗೇರಿಸಿಕೊಂಡು ಬೀದಿಯ ಕೊನೆಯ ಸೈಕಲ್ ರಿಪೇರಿ ಅಂಗಡಿಗೆ ಹೋದ. ಅಲ್ಲಿದ್ದ ಮುದುಕ ಇವನ ಬೇಸಿಗೆಯ ಪ್ರವಾಸಗಳನ್ನು ವರ್ಷಗಳಿಂದ ಬಲ್ಲವನು.

“ತುಕ್ಕು ಹಿಡಿದಿದೆ. ಗರಗಸ ಹಾಕಿ ಕೊಯ್ದುಬಿಡಪ್ಪ” ಎಂದ ಅಧ್ಯಾಪಕ.

ಮುದುಕ ಪೆಡಲನ್ನು ಮುಟ್ಟಿ ನೋಡಿದ. “ಕೊಯ್ದರೆ ಪೆಟ್ಟಿಗೆಯೊಳಗೆ ಹಿಡಿಸುತ್ತದೆ, ಮೇಷ್ಟ್ರೇ. ಹೋದ ಊರಿನಲ್ಲಿ ಏನನ್ನು ತುಳಿಯುತ್ತೀರಿ?”

ಅಧ್ಯಾಪಕ ಕೈಗಡಿಯಾರ ನೋಡಿಕೊಂಡ.

“ತುಕ್ಕೂ ಇಲ್ಲ, ಗಿಕ್ಕೂ ಇಲ್ಲ. ಬಿಚ್ಚುತ್ತೇನೆಂದುಕೊಂಡು ಬೆಳಗಿನಿಂದ ಬಿಗಿಯುತ್ತಿದ್ದೀರಿ. ಎಡಗಡೆಯ ತಿರುಪು ಉಲ್ಟಾ. ಹಾಗೆ ಮಾಡದಿದ್ದರೆ ತುಳಿಯುತ್ತ ತುಳಿಯುತ್ತ ದಾರಿಯಲ್ಲೇ ಕಳಚಿ ಬಿದ್ದೀತು. ಇಪ್ಪತ್ತು ವರ್ಷ ಸೈಕಲ್ ಬಿಚ್ಚಿದವರು ನೀವು. ಇಷ್ಟನ್ನು ನಿಮಗೆ ಯಾರೂ ಹೇಳಲಿಲ್ಲವೇ?”

“ಹೇಳಿದ್ದಳು” ಎಂದ ಅಧ್ಯಾಪಕ.

ಅವನು ಸ್ಪ್ಯಾನರನ್ನು ಮುದುಕನ ಕೈಗೆ ಕೊಡಲಿಲ್ಲ. ತಾನೇ ನೆಲದ ಮೇಲೆ ಕುಳಿತ, ಸೈಕಲ್ಲಿನ ಎಡಗಡೆಗೆ, ಅವಳು ಕೂರುತ್ತಿದ್ದ ಬದಿಗೆ. ಇನ್ನೊಂದು ದಿಕ್ಕಿಗೆ ತಿರುಗಿಸಿದ. ಪೆಡಲು ಒಮ್ಮೆ ಕಿರುಗುಟ್ಟಿತು. ಆಮೇಲೆ ಬೆರಳಿಗೇ ತಿರುಗಿತು.

ಅವನು ನಕ್ಕ. ನಗುತ್ತಿದ್ದಂತೆ ಅತ್ತ. ಮುದುಕ ಮುಖ ತಿರುಗಿಸಿ, ಬೇಕಿಲ್ಲದ ಯಾವುದೋ ಟ್ಯೂಬಿಗೆ ಗಾಳಿ ಹೊಡೆಯತೊಡಗಿದ. ಆಗ ಅಧ್ಯಾಪಕ ಹೆಂಡತಿಯ ಹೆಸರು ಹೇಳಿದ. ಅವಳ ನಿಧಾನವಾದ ಕೈಗಳ ಮಾತು ಹೇಳಿದ, ಅವಳ ಅಣ್ಣನ ಮಾತು ಹೇಳಿದ, ತಾನು ಮಾಡುತ್ತಿದ್ದ ತಮಾಷೆಯನ್ನೂ ಹೇಳಿದ. ಮುದುಕ ಪಂಪು ಬದಿಗಿಟ್ಟು ಕೇಳಿದ. ಅಧ್ಯಾಪಕ ಎದ್ದಾಗ ಮಧ್ಯಾಹ್ನ ಕಳೆದಿತ್ತು. ಮನೆಗೆ ಬಂದು ಪೆಡಲಿಗೆ ಸೀರೆಯ ತುಂಡು ಸುತ್ತಿ ಇಟ್ಟ. ಪೆಟ್ಟಿಗೆ ಮುಚ್ಚಿತು. ಅವನು ವಿಮಾನ ಹತ್ತಿದ.

ಗುರುಗಳು ಕತೆ ನಿಲ್ಲಿಸಿದರು.

“ಆ ಸರೋವರ ತಲುಪಿದ ಮೇಲಾದರೂ ಅವನು ಆಕೆಯನ್ನು ಮರೆತನೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಕೈಯಿಂದ ಜಪಮಾಲೆಯನ್ನು ಮೆಲ್ಲನೆ ತೆಗೆದು ಪಕ್ಕಕ್ಕಿಟ್ಟರು.

“ನಿನ್ನ ತಾಯಿ ನಿನ್ನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಮಗು?”