ಹರಟೆಮಲ್ಲ ಹಕ್ಕಿಗೆ ಮಣ್ಣಿನ ಬಣ್ಣ ಬಂದದ್ದು

ಭೂಮಿ ಹೊಸದಾಗಿದ್ದ ಕಾಲ ಅದು. ಆಕಾಶಕ್ಕೆ ಬಳಿದ ನೀಲಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಕಲ್ಲುಗಳೂ ಮಾತಾಡುತ್ತಿದ್ದವಂತೆ. ಆದರೆ ಎಷ್ಟು ನಿಧಾನ ಅಂದರೆ, ಒಂದು ಮಾತು ಮುಗಿಯುವಷ್ಟರಲ್ಲಿ ಕೇಳುವವರಿಗೆ ನಿದ್ದೆ ಬಂದುಬಿಡುತ್ತಿತ್ತು.

ಆಗ ಹರಟೆಮಲ್ಲ ಹಕ್ಕಿ ಈಗಿನ ಹಾಗಿರಲಿಲ್ಲ, ಮಗು. ನಮ್ಮ ಹಿತ್ತಲಿನ ನುಗ್ಗೆಮರದ ಕೆಳಗೆ ತರಗೆಲೆ ಕೆದಕುತ್ತಾ, ಎಲ್ಲ ಒಟ್ಟಿಗೆ ಗಲಗಲ ಅನ್ನುತ್ತಾ ಕುಪ್ಪಳಿಸುತ್ತವಲ್ಲ, ಆ ಮಣ್ಣು ಬಣ್ಣದ ಹಕ್ಕಿಗಳು, ಅವೇ. ಆಗ ಅವು ಎರಡು ಬಣ್ಣದವು. ಹೊಳೆಯ ಈಚೆ ದಡದವು ಬಂಗಾರದ ಬಣ್ಣ, ಆಚೆ ದಡದವು ಬೆಳ್ಳಿಯ ಬಣ್ಣ. ಮಾತೂ ಬಲು ಕಡಿಮೆ. ನಗಬೇಡ, ನಿಜ. ನಮ್ಮಜ್ಜಿ ಹೇಳಿದ್ದು. ನಮ್ಮಜ್ಜಿ ಸುಳ್ಳು ಹೇಳುತ್ತಿದ್ದದ್ದು ತನ್ನ ವಯಸ್ಸಿನ ವಿಷಯದಲ್ಲಿ ಮಾತ್ರ.

ಈಚೆ ದಡ ಹದ್ದುರಾಯನ ನಾಡು. ಆಚೆ ದಡ ಗಿಡುಗರಾಯನ ನಾಡು. ನಾಡು ಎರಡಾದರೂ ಬದುಕು ಒಂದೇ. ಆಚೆಯವರ ಮದುವೆಗೆ ಈಚೆಯ ಕೋಗಿಲೆಯೇ ಹಾಡಬೇಕು. ಈಚೆಯವರ ಗೂಡಿಗೆ ಆಚೆಯ ಗೀಜಗವೇ ನಾರು ತರಬೇಕು. ಹೆಣ್ಣು ಕೊಡುವುದು, ಹೆಣ್ಣು ತರುವುದು, ಎಲ್ಲ ಹೊಳೆ ದಾಟಿಯೇ. ಎಂಥ ಕಾಲ ಅದು! ನಾನು ಕಂಡವಳಲ್ಲ, ಆದರೂ ನೆನೆದರೆ ಕರುಳು ಚುರ್ ಅನ್ನುತ್ತದೆ.

ಅವರಲ್ಲೊಂದು ಪದ್ಧತಿ ಇತ್ತು. ಹೊಳೆಯಾಚೆ ಕೊಟ್ಟ ಮಗಳು ಮೊದಲ ಸಲ ಮೊಟ್ಟೆ ಇಟ್ಟಳು ಅಂದರೆ, ಅವಳ ಅವ್ವ ತನ್ನ ಎದೆಯ ಒಂದು ಗರಿ ಕಿತ್ತು ಕಳಿಸಬೇಕು. ಅದಕ್ಕೆ ತವರಿನ ಗರಿ ಅನ್ನುತ್ತಿದ್ದರು. ಅದನ್ನು ಹಾಸಿದ ಮೇಲೆಯೇ ಗೂಡು ಮೆತ್ತಗಾಗುವುದು. ಅದು ಬರುವವರೆಗೆ ಮೊಟ್ಟೆಗೆ ಬರೀ ಕಡ್ಡಿಯ ಹಾಸಿಗೆ.

ಹೀಗಿರುವಾಗ ಒಂದು ಮಳೆಗಾಲ, ಹೊಳೆ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿತು. ಪಾಪ, ಅದು ಮಾಡಿದ್ದು ಅಷ್ಟೇ. ಬೆಳಗ್ಗೆ ಎದ್ದು ನೋಡಿದರೆ ದಡದಲ್ಲಿದ್ದ ದೊಡ್ಡ ಅತ್ತಿಮರ ಹೊಳೆಯ ನಡುವಿನ ಮರಳುದಿಬ್ಬದ ಮೇಲೆ ನಿಂತಿದೆ!

“ಮರ ನಮ್ಮದು. ಬೇರು ನಮ್ಮ ಕಡೆಯದು,” ಅಂದ ಹದ್ದುರಾಯ.

“ಮರ ನಮ್ಮದು. ನೆರಳು ನಮ್ಮ ಕಡೆ ಬೀಳುತ್ತದೆ,” ಅಂದ ಗಿಡುಗರಾಯ.

“ನಾನು ಸ್ವಲ್ಪ ಹೊರಳಿದೆ, ಅಷ್ಟೇ ಕಣ್ರಪ್ಪಾ,” ಅಂದಿತು ಹೊಳೆ. ಕೇಳುವವರು ಯಾರು?

ಯುದ್ಧವಾಯಿತು. ಮೂರು ದಿನ ಹೊಳೆಯಲ್ಲಿ ಗರಿಗಳು ತೇಲಿಹೋದವು. ಗೆದ್ದವರು ಯಾರೂ ಇಲ್ಲ. ಕೊನೆಗೆ ಇಬ್ಬರು ರಾಯರೂ ದಿಬ್ಬದ ಮರಳಿನ ಮೇಲೆ ಉಗುರಿನಿಂದ ಉದ್ದಕ್ಕೆ ಒಂದು ಗೆರೆ ಎಳೆಸಿದರು. ಗೆರೆಯ ಎರಡೂ ಕಡೆ ಕಾವಲು. ಅವರವರ ಕಾವಲುಗಾರರು ಅವರವರ ಪ್ರಜೆಗಳನ್ನು ತಡೆಯಬೇಕು. ಇನ್ನೊಂದು ಕಡೆಯವರ ಒಂದು ಪುಕ್ಕ ಮುಟ್ಟಿದರೂ ಮತ್ತೆ ಯುದ್ಧ.

ಮಾತುಕತೆ ಅಂತ ಎರಡೂ ಕಡೆಯಿಂದ ಗಿಳಿಗಳನ್ನು ಕಳಿಸಿದರು. ಗಿಳಿಗೆ ಕಲಿಸಿದ್ದಷ್ಟೇ ತಾನೇ ಬರುವುದು? “ಮೊದಲು ನೀವು ತಪ್ಪು ಒಪ್ಪಿಕೊಳ್ಳಿ,” ಅಂದಿತು ಈಚೆಯ ಗಿಳಿ. “ಮೊದಲು ನೀವು ತಪ್ಪು ಒಪ್ಪಿಕೊಳ್ಳಿ,” ಅಂದಿತು ಆಚೆಯ ಗಿಳಿ. ಸಂಜೆಯವರೆಗೂ ಇದೇ ಪಾಠ. ಆಮೇಲೆ ಎರಡೂ ಹೊಟ್ಟೆತುಂಬ ಸೀಬೆಹಣ್ಣು ತಿಂದು ಮನೆಗೆ ಹೋದವು.

ಬೇಸಿಗೆ ಬಂತು. ಈಚೆ ದಡದಲ್ಲಿ ಹೊನ್ನವ್ವ ಅನ್ನುವ ಹರಟೆಮಲ್ಲ ಹಕ್ಕಿ ಇತ್ತು. ಹೊಳೆ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿತು: “ಹೊನ್ನವ್ವಾ, ನಿನ್ನ ಮಗಳು ಸಿರಿ ಮೂರು ಮೊಟ್ಟೆ ಇಟ್ಟಿದ್ದಾಳೆ ಕಣೆ. ನೀಲಿ ಮೊಟ್ಟೆ. ಬರೀ ಕಡ್ಡಿ ಮೇಲೆ ಕೂತು ಕಾವು ಕೊಡ್ತಾ ಈ ಕಡೆಗೇ ನೋಡ್ತಾ ಇರ್ತಾಳೆ.”

ಹೊನ್ನವ್ವ ದಿನ ಎಣಿಸಿದಳು. ಹದಿನೈದು ದಿನಕ್ಕೆ ಮರಿಗಳು ಹೊರಬರುತ್ತವೆ. ಅಷ್ಟರೊಳಗೆ ಗರಿ ಮುಟ್ಟಬೇಕು. ಸೀದಾ ಹದ್ದುರಾಯನ ಬಳಿ ಹೋದಳು.

“ರಾಯಾ, ಒಂದು ಗರಿ ಕೊಟ್ಟು ಬಂದ್ಬಿಡ್ತೀನಿ.”

“ನಿನ್ನ ಮಗಳು ಈಗ ಅವರವಳು.”

“ಹೆತ್ತೋಳು ನಾನಲ್ವಾ?”

ರಾಯನಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದವರು ಏನು ಮಾಡುತ್ತಾರೆ? ಕೂಗಾಡುತ್ತಾರೆ. ಅವನೂ ಕೂಗಾಡಿದ.

ಮರುದಿನ ಹೊನ್ನವ್ವ ಎದೆಯ ಗರಿ ಕಿತ್ತು, ಕೊಕ್ಕಿನಲ್ಲಿ ಕಚ್ಚಿಕೊಂಡು ಒಬ್ಬಳೇ ಹಾರಿದಳು. ನೀಲಿ ಆಕಾಶದಲ್ಲಿ ಬಂಗಾರದ ಹಕ್ಕಿ! ಯಾರಿಗೆ ಕಾಣುವುದಿಲ್ಲ? ಈಚೆಯ ಕಾವಲುಗಾರ ಗೆರೆಯ ಹತ್ತಿರವೇ ಹಿಡಿದ. ಬಾಲದ ಪುಕ್ಕವೆಲ್ಲ ಕಿತ್ತು ವಾಪಸು ಅಟ್ಟಿದ. ಗರಿ ನೀರಿಗೆ ಬಿದ್ದು ಹೋಯಿತು. ಹೊನ್ನವ್ವ ಪೊದೆ ಬುಡದ ಧೂಳಿನಲ್ಲಿ ಬಿದ್ದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಪಕ್ಕದ ಗೂಡಿನ ಚೌಡಕ್ಕ ಇನ್ನಿಬ್ಬರು ಗೆಳತಿಯರನ್ನು ಕರೆದುಕೊಂಡು ಓಡಿಬಂದಳು. ಧೂಳು ಮೆತ್ತಿದ್ದ ಹೊನ್ನವ್ವನನ್ನು ಅವಳು ಮೊದಲು ಗುರುತೇ ಹಿಡಿಯಲಿಲ್ಲ. ಹಿಡಿದ ಮೇಲೆ ಕಣ್ಣರಳಿಸಿದಳು.

“ಅಳಬೇಡ, ಏಳು. ಬಂಗಾರ ಆಗಿದ್ದಕ್ಕೆ ಕಣ್ಣಿಗೆ ಬಿದ್ದೆ. ನಾವೂ ನಿನ್ನ ಹಾಗೇ ಮಣ್ಣು ಮೆತ್ತಿಕೊಳ್ತೀವಿ. ಒಬ್ಬಳೇ ಹೋಗೋದು ಬೇಡ, ಎಲ್ಲ ಹೋಗೋಣ.”

ಮೂವರೂ ಧೂಳಿನಲ್ಲಿ ಹೊರಳಿದರು. ನಾಲ್ವರೂ ಮಣ್ಣಿನ ಬಣ್ಣವಾದರು. ಹಾರಲಿಲ್ಲ. ಒಂದು ಪೊದೆಯಿಂದ ಇನ್ನೊಂದು ಪೊದೆಗೆ ಮೊದಲು ಒಬ್ಬಳು, ಅವಳ ಹಿಂದೆ ಒಬ್ಬಳು, ಹೀಗೆ ನೆಲಕ್ಕೇ ಅಂಟಿಕೊಂಡು ಕುಪ್ಪಳಿಸುತ್ತಾ, ಬೇಸಿಗೆಯ ಹೊಳೆಯ ಕಲ್ಲುಗಳ ಮೇಲೆ ಕಾಲಿಡುತ್ತಾ ಅತ್ತಿಮರದ ಬುಡ ಸೇರಿದರು.

ಹೊಳೆ ಸುಮ್ಮನಿರುವ ಜೀವವೇ? ಆಚೆಗೂ ಸುದ್ದಿ ಮುಟ್ಟಿಸಿತ್ತು. ಅಲ್ಲಿಂದಲೂ ಮೂವರು ಬಂದಿದ್ದರು, ಅವರೂ ಮೈಯೆಲ್ಲ ಮಣ್ಣು ಮಾಡಿಕೊಂಡು. ಮುಂದೆ ನಿಂತಿದ್ದವಳು ಸಿರಿಯ ಅತ್ತೆ ಬೆಳ್ಳವ್ವ. ಕಾವಿಗೆ ಕೂತ ಸಿರಿ ಬರುವಂತಿರಲಿಲ್ಲ.

“ನಿಮ್ಮ ಗರಿ ನಮಗೆ ಬೇಡ,” ಅಂದಳು ಬೆಳ್ಳವ್ವ. “ಅದನ್ನ ಹೇಳೋಕೇ ಬಂದೆ. ನಿಮ್ಮೋರು ನನ್ನ ಮಗನ ರೆಕ್ಕೆ ಮುರಿದ್ರು.”

ಹೊನ್ನವ್ವನ ನಾಲಿಗೆಯ ತುದಿಗೆ ಮಾತು ಬಂದಿತ್ತು: ನಿಮ್ಮವರು ನನ್ನ ತಮ್ಮನನ್ನೇ ಕೊಂದರಲ್ಲ! ಗಿಳಿಯಾಗಿದ್ದರೆ ಅದನ್ನೇ ಹೇಳುತ್ತಿತ್ತು. ಹೊನ್ನವ್ವ ಬೆಳ್ಳವ್ವನ ಮುಖ ನೋಡಿದಳು.

“ಯಾವ ರೆಕ್ಕೆ, ಬೀಗ್ತಿ?”

“ಎಡಗಡೇದು.”

“ಹಾರ್ತಾನಾ?”

“ಇಲ್ಲ ಕಣವ್ವಾ. ಕುಪ್ಪಳಿಸ್ತಾನೆ,” ಅಂದಳು ಬೆಳ್ಳವ್ವ. ಹೇಳುತ್ತಾ ಅತ್ತೇಬಿಟ್ಟಳು. ಇಷ್ಟು ದಿನ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಹೊನ್ನವ್ವನಿಗೂ ತಡೆಯಲಾಗಲಿಲ್ಲ, ತಮ್ಮನ ವಿಷಯ ಹೇಳಿಕೊಂಡು ಅತ್ತಳು. ಆಗ ಬೆಳ್ಳವ್ವನ ಕಣ್ಣು ಅವಳ ಬೋಳು ಬಾಲದ ಮೇಲೆ ಬಿತ್ತು.

“ಇದೂ ನಮ್ಮೋರು ಮಾಡಿದ್ದಾ?”

“ಇಲ್ಲ. ಇದು ನಮ್ಮೋರೇ ಮಾಡಿದ್ದು.”

ಬೆಳ್ಳವ್ವ ಹತ್ತಿರ ಬಂದು ಗಾಯದ ಸುತ್ತಲಿನ ಮರಳನ್ನು ಕೊಕ್ಕಿನಿಂದ ಒಂದೊಂದೇ ಕಾಳಾಗಿ ತೆಗೆಯತೊಡಗಿದಳು.

ಅಷ್ಟರಲ್ಲಿ ಮೇಲೆ ನೆರಳು! ಎರಡೂ ಕಡೆಯ ಕಾವಲುಗಾರರು ಬಂದಿಳಿದರು. “ಯಾರು ಗೆರೆ ದಾಟಿದ್ದು? ಯಾರು ಯಾವ ಕಡೆ? ಒಬ್ಬೊಬ್ಬರೇ ಹೇಳಿ!”

ಚೌಡಕ್ಕ ಬಾಯಿ ತೆಗೆದಳು. ಅವಳು ಮುಗಿಸುವ ಮೊದಲೇ ಬೆಳ್ಳವ್ವ ಶುರುಮಾಡಿದಳು. ಅವಳ ಮೇಲೆ ಹೊನ್ನವ್ವ, ಬೋಳು ಬಾಲವನ್ನು ಬೇರಿನ ಸಂದಿಯಲ್ಲಿ ಮರೆಮಾಡಿಕೊಂಡು. ಏಳೂ ಬಾಯಿ ಒಟ್ಟಿಗೆ ಗಲಗಲಗಲ! ಕಾವಲುಗಾರರು ಕಣ್ಣು ಬಿಟ್ಟರು. ಬಂಗಾರ ಯಾವುದು, ಬೆಳ್ಳಿ ಯಾವುದು? ಏಳೂ ಮಣ್ಣು. ನಮ್ಮವಳು ಅಂತ ಪುಕ್ಕ ಕಿತ್ತು, ಅವಳು ಅವರವಳಾಗಿಬಿಟ್ಟರೆ? ಮತ್ತೆ ಯುದ್ಧ. ತಲೆ ಚಿಟ್ಟುಹಿಡಿದು ಇಬ್ಬರೂ ಹಾರಿಹೋದರು.

ಆಮೇಲೆ ಹೊನ್ನವ್ವ ಎದೆಯಿಂದ ಇನ್ನೊಂದು ಗರಿ ಕಿತ್ತಳು. ನೋಡಿದರೆ ಮಣ್ಣಿನ ಬಣ್ಣ. ಅವಳಿಗೆ ನಾಚಿಕೆಯಾಯಿತು. “ಮಗಳಿಗೆ ಬಂಗಾರದ ಗರಿ ಕಳಿಸಬೇಕಿತ್ತು.”

“ಕೊಡು ಇಲ್ಲಿ,” ಅಂದಳು ಬೆಳ್ಳವ್ವ. ಅದೇ ಗರಿಯನ್ನು ಒಯ್ದಳು. ಮರುದಿನ ಬಂದು ಹೇಳಿದಳು: “ನಿನ್ನ ಮಗಳು ಗರಿಗೆ ಮುಖ ಒತ್ತಿಕೊಂಡು ಎಷ್ಟೋ ಹೊತ್ತು ಎತ್ತಲೇ ಇಲ್ಲ. ತವರಿನ ಮಣ್ಣಿನ ವಾಸನೆ ಬರ್ತಿದೆ ಅಂದ್ಳು.”

ಅಂದಿನಿಂದ ಏಳೂ ಜನ ದಿನಾ ಅಲ್ಲಿ ಸೇರಿದರು. ಜಗಳವೂ ಆಗುತ್ತಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಮರುದಿನ ಮತ್ತೆ ಬರುತ್ತಿದ್ದರು. ಬೆಳಗ್ಗೆ ಕಾವಲುಗಾರರು ಗೆರೆ ಎಳೆಯುವುದು, ಮಧ್ಯಾಹ್ನದೊಳಗೆ ಇವರ ಕುಪ್ಪಳಿಕೆಗೆ ಅದು ಅಳಿಸುವುದು. ಇವರನ್ನು ನೋಡಿ ಗೀಜಗ ಬಂತು, ಅಳಿಲು ಬಂತು, ಕೋಗಿಲೆ ಬಂತು. ಕಾವಲುಗಾರರ ಉಗುರು ಸವೆಯಿತು. ಅತ್ತಿ ಹಣ್ಣಾಗುವ ಹೊತ್ತಿಗೆ ಗೆರೆ ಎಳೆಯುವವರೇ ಇರಲಿಲ್ಲ. ರಾಯರಿಬ್ಬರೂ ಎತ್ತರದಲ್ಲಿ ಸುಮ್ಮನೆ ಸುತ್ತುತ್ತಿದ್ದರು. ಈಗಲೂ ಸುತ್ತುತ್ತಾರೆ, ನೀನು ನೋಡಿದ್ದೀಯ.

ಒಂದು ದಿನ ಸಿರಿ ಮೂರು ಮರಿಗಳನ್ನು ಕರೆದುಕೊಂಡು ಮರದ ಕೆಳಗೆ ಬಂದಳು. ಹೊನ್ನವ್ವ ಮಗಳನ್ನು ನೋಡಿದ್ದು ವರ್ಷದ ಮೇಲೆ. ಇಬ್ಬರೂ ಕೊಕ್ಕಿಗೆ ಕೊಕ್ಕು ತಾಗಿಸಿ ನಿಂತರು. ಮರಿಗಳೋ, ಹುಟ್ಟುತ್ತಲೇ ಮಣ್ಣಿನ ಬಣ್ಣ. ಹಸಿವಾಯಿತು ಅಂತ ಬಾಯಿ ತೆರೆದಾಗ ಏಳೂ ಜನ ಹುಳ ತಂದು ಉಣಿಸಿದರು. ಈಚೆಯ ಅಜ್ಜಿಯೇ ಆಚೆಯ ಅಜ್ಜಿಯೇ ನೆರೆಯವಳೇ, ಮರಿಗಳು ಕೇಳಲಿಲ್ಲ.

ಮಳೆ ಬಂದಾಗ “ತೊಳೆದುಕೊಡಲಾ?” ಅಂತ ಹೊಳೆ ಕೇಳಿತು. “ಬೇಡ ಕಣವ್ವಾ,” ಅಂದರು ಎಲ್ಲರೂ. ಗುರುತಿಗೆ ಅಂತ ಕೊಕ್ಕಿನಲ್ಲಿ ಮಾತ್ರ ಒಂದಿಷ್ಟು ಬಂಗಾರ, ಕಣ್ಣಿನಲ್ಲಿ ಒಂದಿಷ್ಟು ಬೆಳ್ಳಿ ಉಳಿಸಿಕೊಂಡರು.

ಅವುಗಳ ಗಲಾಟೆಗೆ ನಮ್ಮಜ್ಜಿ ಒಂದು ದಿನವೂ ಬೈದವಳಲ್ಲ. “ಏನೋ ಮಾತಾಡಿ ಬಗೆಹರಿಸ್ಕೊಳ್ತಾ ಇದಾವೆ, ಸುಮ್ನಿರು,” ಅನ್ನುತ್ತಿದ್ದಳು. ನೋಡು, ಈಗಲೂ ನುಗ್ಗೆಮರದ ಕೆಳಗೆ ಏಳು ಸೇರಿವೆ, ಏಳೂ ಒಟ್ಟಿಗೆ ಮಾತಾಡುತ್ತಿವೆ. ಅವುಗಳಲ್ಲಿ ಆಚೆ ದಡದ್ದು ಯಾವುದು, ಈಚೆ ದಡದ್ದು ಯಾವುದು, ಹೇಳು ನೋಡೋಣ.