ಎರಡು ಮೂತಿಯ ಗಿಂಡಿ

ಬಿಳಿಗಲ್ಲೂರಿನ ಅರಸ ವೀರಮಲ್ಲರಾಯನಿಗೆ ಹೊಸ ಹೊಸ ಪದಾರ್ಥ ಹುಟ್ಟಿಸುವ ಹುಚ್ಚು. ಯುದ್ಧಗಿದ್ಧ ಇಲ್ಲದ ಕಾಲ, ತಲೆಗೆ ಏನಾದರೂ ಕೆಲಸ ಬೇಕಲ್ಲ. ಅರಸ ಯೋಚಿಸಬೇಕು, ಕಸುಬಿನವರು ಮಾಡಬೇಕು, ಪೇಟೆಯವರು ಕೊಳ್ಳಬೇಕು. ಮೊದಲೆರಡು ಸಲೀಸಾಗಿ ನಡೆಯುತ್ತಿದ್ದವು.

ಒಂದು ದಿನ ಅರಸ ಸಭೆಯಲ್ಲಿ ಮೀಸೆ ತಿರುವಿದ. "ಗಿಂಡಿಗೆ ಒಂದೇ ಮೂತಿ ಯಾಕೆ? ನಮ್ಮ ಅಪ್ಪ ಅಜ್ಜಂದಿರಿಗೆ ಇದು ಹೊಳೆಯಲೇ ಇಲ್ಲ. ಈ ಕಡೆ ಒಂದು, ಆ ಕಡೆ ಒಂದು ಮೂತಿ ಇಟ್ಟರೆ ಇಬ್ಬರು ಒಟ್ಟಿಗೆ ನೀರು ಕುಡಿಯಬಹುದು. ಎಷ್ಟು ಹೊತ್ತು ಉಳಿಯುತ್ತದೆ, ಲೆಕ್ಕ ಹಾಕಿ."

ಕಂಚುಗಾರ ಮೌನೇಶಾಚಾರಿ ಅಂಥದ್ದೊಂದು ಗಿಂಡಿ ಮಾಡಿ ತಂದ. ಬರಿ ಪಾತ್ರೆ ಅರಸರೆದುರು ತಂದರೆ ಅಪಶಕುನ. ಹಾಗಾಗಿ ಆ ಸಭೆಯ ಪದ್ಧತಿಯಂತೆ ಗಿಂಡಿಯ ತುಂಬ ಅಕ್ಕಿ ತುಂಬಿ, ಕುಂಕುಮ ಹಚ್ಚಿ, ಪಟ್ಟೆಯ ದಿಂಬಿನ ಮೇಲಿಟ್ಟರು. ನೀರು ಹಾಕಿ ನೋಡೋಣ ಎಂದವರು ಒಬ್ಬರೂ ಇಲ್ಲ.

ದಿವಾನ ಲಿಂಗರಾಜಯ್ಯ ಕಣ್ಣು ಒರೆಸಿಕೊಂಡ. "ಇಷ್ಟು ದಿನ ನಾವೆಲ್ಲ ಬಾಯಾರಿಕೊಂಡೇ ಬದುಕಿದ್ದೆವು ಅಂತ ಈಗ ಗೊತ್ತಾಯಿತು, ಪ್ರಭು."

ಅರಸ ಹಿಗ್ಗಿ ಹೀರೇಕಾಯಿಯಾದ. ಐನೂರು ಗಿಂಡಿ ಮಾಡಲು ಅಪ್ಪಣೆಯಾಯಿತು.

ಪೇಟೆಯಲ್ಲಿ ಮೂರು ವಾರಕ್ಕೆ ಮೂರು ಗಿಂಡಿ ಹೋದವು. ಮೂರೂ ವಾಪಸು ಬಂದವು.

"ಯೋಚನೆ ನಮ್ಮದು. ಅಂದಮೇಲೆ ತಪ್ಪು ಗಿಂಡಿ ಮಾಡಿದವನದ್ದು," ಎಂದ ಅರಸ. "ಹುಣ್ಣಿಮೆಯೊಳಗೆ ಐನೂರೂ ಮಾರದಿದ್ದರೆ ಆಚಾರಿಯ ಕುಲುಮೆಗೆ ಬೀಗ."

ಆಚಾರಿ ನೇರವಾಗಿ ಸಿಂಗಪ್ಪಯ್ಯನ ಮನೆಗೆ ಬಂದು ಜಗಲಿಯ ಮೇಲೆ ಕುಸಿದ. ಸಿಂಗಪ್ಪಯ್ಯನೂ ಆಸ್ಥಾನದವನೇ, ಅರಸನಿಗೆ ಬೇಸರವಾದಾಗ ನಗಿಸುವುದು ಅವನ ಕೆಲಸ.

"ನಾಲ್ಕು ತಲೆಮಾರಿನ ಕುಲುಮೆ, ಅಯ್ಯಾ. ಬೀಗ ಬಿದ್ದರೆ ಮನೆಮಂದಿಯೆಲ್ಲ ಬೀದಿಗೆ ಬೀಳ್ತೀವಿ."

"ಗಿಂಡಿಗೆ ಏನಾಗಿದೆ?"

"ಆಗೋದೇನು? ಒಂದು ಕಡೆ ಬಾಗಿಸಿದರೆ ಇನ್ನೊಂದು ಮೂತಿ ಸೂರು ನೋಡ್ತದೆ. ಒಬ್ಬ ಕುಡಿಯೋವಾಗ ಇನ್ನೊಬ್ಬ ಬಾಯಿ ಬಿಟ್ಕೊಂಡು ನಿಂತಿರಬೇಕು. ನೀವೇ ಅರಸರಿಗೆ ಹೇಳಿ."

ಸಿಂಗಪ್ಪಯ್ಯ ಗಡ್ಡ ಕೆರೆದುಕೊಂಡ. ಹೋದ ವರ್ಷ ಅರಸ ಕಾಲಿಲ್ಲದ ಮಣೆ ಕಂಡುಹಿಡಿದಿದ್ದ. "ಇದಕ್ಕೆ ಹಲಗೆ ಅಂತಾರೆ" ಎಂದ ಅರಮನೆಯ ವೈದ್ಯರು ಇವತ್ತಿಗೂ ಲಾಯದಲ್ಲಿ ಆನೆಗಳಿಗೆ ಕಷಾಯ ಕುಡಿಸುತ್ತಿದ್ದರು. ಸಿಂಗಪ್ಪಯ್ಯನಿಗೆ ಆನೆ ಕಂಡರೆ ಮೊದಲೇ ಭಯ.

"ನಾನು ಹೇಳೋಕಾಗಲ್ಲ ಆಚಾರಿ. ಹೇಳಿಸ್ತೀನಿ," ಎಂದ.

ಮರುದಿನ ಸಭೆಯಲ್ಲಿ ಕೈಮುಗಿದು ನಿಂತ. "ಪ್ರಭು, ಐನೂರು ಗಿಂಡಿ ಮಾರಿಸುವುದು ನನ್ನ ಹೊಣೆ. ಅರಮನೆಯಲ್ಲಿ ಬಳಸಿದ್ದು ಅಂದರೆ ಜನ ಮುಗಿಬಿದ್ದು ಕೊಳ್ಳುತ್ತಾರೆ. ಪೇಟೆಯವರ ಎದುರು ತಾವೇ ಒಮ್ಮೆ ಕುಡಿದು ತೋರಿಸಿದರೆ ಸಾಕು."

"ಅದಕ್ಕೇನಂತೆ. ಆ ಕಡೆಯ ಮೂತಿಗೆ ದಿವಾನರು ಇರಲಿ."

ಸಿಂಗಪ್ಪಯ್ಯ ತಕ್ಷಣ ಅಡ್ಡ ಬಂದ. ದಿವಾನ ಬರಿ ಗಾಳಿ ಕುಡಿದು "ಅಮೃತ" ಎನ್ನುವ ಆಸಾಮಿ.

"ಜೋಡಿ ಮೂತಿ ಅಂದರೆ ದಾಂಪತ್ಯದ ಗುರುತು, ಪ್ರಭು. ದಿವಾನರ ಜೊತೆ ಕುಡಿದರೆ ಜನ ಏನೆಂದುಕೊಂಡಾರು? ರಾಣಿಯವರೇ ಇರಲಿ."

ಅರಸ ಒಪ್ಪಿದ.

ಆ ದಿನ ಬಂತು. ಪೇಟೆಯವರೆಲ್ಲ ಅಂಗಳದಲ್ಲಿ ನೆರೆದರು. ಮಧ್ಯಾಹ್ನದ ಊಟಕ್ಕೆ ಅರಮನೆಯಲ್ಲಿ ನೆತ್ತಿಗೇರುವ ಮೆಣಸಿನಸಾರು ಬಡಿಸಿದ್ದರು. ಯಾರ ಮಾತಿನ ಮೇಲೆ ಅಂತ ಕೇಳಬೇಡಿ. ಅರಸನೂ ರಾಣಿ ಮಲ್ಲಾಜಮ್ಮನೂ ನಾಲಗೆ ಸುಟ್ಟುಕೊಂಡೇ ಬಂದು ಪಡಸಾಲೆಯಲ್ಲಿ ಎದುರುಬದುರು ಕೂತರು. ಗಿಂಡಿಯ ತುಂಬ ಮೊದಲ ಸಲ ನೀರು ಬಿತ್ತು.

ಇಬ್ಬರೂ ತಲೆ ಎತ್ತಿ ಬಾಯಿ ತೆರೆದರು. ರಾಣಿ ಗಿಂಡಿಯನ್ನು ತನ್ನ ಕಡೆಗೆ ಬಾಗಿಸಿಕೊಂಡು ಗಟಗಟ ಕುಡಿಯತೊಡಗಿದಳು. ಅರಸನ ಕಡೆಯ ಮೂತಿ ಸೂರು ನೋಡಿತು. ಅರಸನೂ ಸೂರು ನೋಡಿದ. ಪೇಟೆಯವರು ಅರಸನ ಅಣ್ಣಾಲಿಗೆಯನ್ನು ಅಷ್ಟು ಚೆನ್ನಾಗಿ ಹಿಂದೆಂದೂ ಕಂಡಿರಲಿಲ್ಲ.

ತಡೆಯಲಾಗದೆ ಅರಸ ಗಿಂಡಿಯನ್ನು ತನ್ನ ಕಡೆಗೆ ಎಳೆದ.

"ನಂದಿನ್ನೂ ಮುಗಿದಿಲ್ಲ," ಎಂದು ರಾಣಿ ಇತ್ತ ಎಳೆದಳು.

ಅವನು ಎಳೆದ, ಇವಳು ಎಳೆದಳು, ರಾಣಿ ಥಟ್ಟನೆ ಕೈಬಿಟ್ಟಳು. ಗಿಂಡಿಯ ನೀರೆಲ್ಲ ಅರಸನ ಮೇಲೆ ಸುರಿಯಿತು. ತಿರುವಿ ನಿಲ್ಲಿಸಿದ್ದ ಮೀಸೆ ಜೋತುಬಿತ್ತು.

"ಆಹಾ, ಕುಡಿಯುವುದರ ಜೊತೆಗೆ ಸ್ನಾನವೂ ಆಯಿತು. ಇನ್ನೂ ಹೊತ್ತು ಉಳಿಯಿತು," ಎಂದ ದಿವಾನ.

"ಲಿಂಗರಾಜಯ್ಯ, ಬಾಯಿ ಮುಚ್ಚಿ." ಅರಸ ಮುಖ ಒರೆಸಿಕೊಂಡು ಸಭೆಯತ್ತ ತಿರುಗಿದ. "ಇಷ್ಟು ಜನ ಇದ್ದೀರಿ. ಇದು ಕೆಲಸಕ್ಕೆ ಬಾರದ್ದು ಅಂತ ಒಬ್ಬರಾದರೂ ಹೇಳಬಾರದಿತ್ತೇ?"

ಸಿಂಗಪ್ಪಯ್ಯನೇ ಮುಂದೆ ಬಂದ.

"ಈಗ ತಾನೇ ಗಿಂಡಿ ಹೇಳಿತಲ್ಲ, ಪ್ರಭು."

"ಗಿಂಡಿಯೇ?"

"ಹೌದು. ಈ ಸಭೆಯಲ್ಲಿ ತಮ್ಮಿಂದ ಸಂಬಳ ತಗೊಳ್ಳದೆ ಇರೋದು ಅದೊಂದೇ."

ರಾಣಿ ಕಿಸಕ್ಕೆಂದಳು. ಅವಳು ನಕ್ಕ ಮೇಲೆ ಅರಸನೂ ನಗದೆ ವಿಧಿಯಿಲ್ಲ; ನಗುತ್ತ ನಗುತ್ತ ಅವನಿಗೆ ನಿಜವಾಗಿಯೂ ನಗು ಬಂತು.

ಐನೂರು ಗಿಂಡಿಗಳ ಒಂದೊಂದು ಮೂತಿ ಕತ್ತರಿಸಿ ಬೆಸುಗೆ ಹಾಕಲು ಅಪ್ಪಣೆಯಾಯಿತು. ಕುಲುಮೆಗೆ ಬೀಗ ಬೀಳಲಿಲ್ಲ. ಹುಣ್ಣಿಮೆಯೊಳಗೆ ಗಿಂಡಿಗಳೂ ಖರ್ಚಾದವು. ಇನ್ನು ಮೇಲೆ ಯಾವ ಹೊಸ ಪದಾರ್ಥವೇ ಆಗಲಿ, ಮೊದಲು ನಾಲ್ಕು ಮನೆಯಲ್ಲಿ ಬಳಸಿ ಬೈಸಿಕೊಂಡು ಬಂದ ಮೇಲೆಯೇ ದಿಂಬಿನ ಮೇಲೆ ಕೂರಬೇಕೆಂದು ಡಂಗುರ ಹೊಡೆಸಿದರು.

"ಸಿಂಗಪ್ಪಯ್ಯ, ಇವತ್ತಿನಿಂದ ನಿನ್ನ ಸಂಬಳ ಎರಡರಷ್ಟು," ಎಂದ ಅರಸ.

ಸಿಂಗಪ್ಪಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ಬೇಡ ಪ್ರಭು. ಅದರ ಬದಲು ವೈದ್ಯರನ್ನು ಆನೆಲಾಯದಿಂದ ಬಿಡಿಸಿ. ಸಂಬಳ ಎರಡರಷ್ಟಾದರೆ ಆ ಗಿಂಡಿ ನನಗೂ ಚೆನ್ನಾಗಿ ಕಾಣಿಸೀತು."